ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದ ಕಥೆ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಬಾಡಿಗೆ ಕೋಣೆ ಇದೆ. ಅದರ ಮೂಲೆಯಲ್ಲಿ ಒಂದು ಕಪ್ಪು ಕ್ಯಾಬಿನೆಟ್. ಎಡಗಡೆಯ ತಗಡಿಗೆ ನಾಲ್ಕು ಸ್ಕ್ರೂ ಇರಬೇಕಿತ್ತು, ಈಗ ಉಳಿದಿರುವುದು ಎರಡೇ. ಎಷ್ಟು ಸಲ ಬಿಚ್ಚಿದ್ದೇವೆ ಎಂದರೆ ಉಳಿದೆರಡನ್ನು ಹಾಕುವುದನ್ನೇ ಬಿಟ್ಟಿದ್ದೇವೆ.

ಈ ಪೆಟ್ಟಿಗೆಯನ್ನು ನಾವು ಮೂವರು ಗೆಳೆಯರು 2011ರ ನವೆಂಬರಿನಲ್ಲಿ ನಮ್ಮ ಕೈಯಾರೆ ಜೋಡಿಸಿದೆವು. ಅದಕ್ಕೂ ಮೊದಲು ನಮ್ಮಲ್ಲಿ ಯಾರೂ ಕಂಪ್ಯೂಟರಿನ ಹೊಟ್ಟೆ ನೋಡಿದವರಲ್ಲ. ಇಂದು ಆ ಕಥೆ ಹೇಳುತ್ತೇವೆ. ಜೊತೆಗೆ, ಅಂಗಡಿಯಿಂದ ಬೇರೆ ಬೇರೆ ಕಂಪನಿಯ ತುಂಡುಗಳನ್ನು ತಂದು ಒಂದೇ ಯಂತ್ರ ಮಾಡುವ ಈ ಅನುಕೂಲ ಎಲ್ಲಿಂದ ಬಂತು ಎನ್ನುವುದನ್ನೂ ಹೇಳುತ್ತೇವೆ.

ಪುಟಕ್ಕೆ ಇಷ್ಟು ರೂಪಾಯಿ

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಊರಿಗೆ ಬಂದಾಗ ನಮ್ಮ ಬಳಿ ಇದ್ದದ್ದು ಪೆನ್ನು, ನೋಟ್‌ಬುಕ್, ಒಂದು ಕೀಪ್ಯಾಡ್ ಫೋನು. ಸುದ್ದಿ ಬರೆದು ಡಿಟಿಪಿ ಅಂಗಡಿಗೆ ಓಡಬೇಕು. ಅಲ್ಲಿ ಮದುವೆ ಕಾರ್ಡಿನ ಸರದಿ ಮುಗಿದ ಮೇಲೆ ನಮ್ಮ ಸರದಿ. ಟೈಪಿಂಗಿಗೆ ಪುಟಕ್ಕೆ ಇಷ್ಟು ಎಂದು ಕೊಡಬೇಕು. ಸುದ್ದಿ ಅಚ್ಚಾದರೆ ಸಿಗುವ ಗೌರವಧನಕ್ಕಿಂತ ಕೆಲವು ಸಲ ಟೈಪಿಂಗ್ ಖರ್ಚೇ ಹೆಚ್ಚು. ಕರೆಂಟ್ ಹೋದರೆ ಆ ದಿನದ ಸುದ್ದಿಯೂ ಹೋದಂತೆ.

ನಮ್ಮದೇ ಒಂದು ಕಂಪ್ಯೂಟರ್ ಇರಬೇಕು ಎಂದು ಮೂವರೂ ಮಾತಾಡಿಕೊಂಡೆವು. ಒಬ್ಬ 5,000 ರೂಪಾಯಿ ತಂದ. ಇನ್ನೊಬ್ಬ 5,500. ಮೂರನೆಯವನ ಅವ್ವ ಮಹಿಳಾ ಸಂಘದಲ್ಲಿ 8,000 ಸಾಲ ಎತ್ತಿ ಕೊಟ್ಟರು. ಒಟ್ಟು 18,500. ಕಂಪನಿಯ ಕಂಪ್ಯೂಟರಿಗೆ ಆ ದುಡ್ಡು ಸಾಲುತ್ತಿರಲಿಲ್ಲ. 'ಅಸೆಂಬಲ್ಡ್' ಆದರೆ ಆಗುತ್ತದೆ ಎಂದರು ತಿಳಿದವರು. ಜೋಡಿಸುವ ಕೂಲಿಯನ್ನೂ ಉಳಿಸೋಣ, ನಾವೇ ಮಾಡೋಣ ಎಂದು ಹೊರಟೆವು. ಏನಾದರೂ ಸುಟ್ಟರೆ ವಾರವಾರದ ಕಂತು ಆ ಅವ್ವನ ತಲೆಯ ಮೇಲೆ. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು.

ಮೊದಲ ಕಿಟ್

ಮನೆಯಲ್ಲಿ ಕೂತು ಕಂಪ್ಯೂಟರ್ ಕಟ್ಟುವ ಹುಚ್ಚು ದೊಡ್ಡದಾಗಿ ಹಬ್ಬಿದ್ದು 1975ರಲ್ಲಿ, ಅಮೆರಿಕದಲ್ಲಿ. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಊರಿನಲ್ಲಿ ಎಡ್ ರಾಬರ್ಟ್ಸ್ ಎಂಬುವರಿಗೆ 'ಮಿಟ್ಸ್' ಎಂಬ ಸಣ್ಣ ಕಂಪನಿ ಇತ್ತು. ಕ್ಯಾಲ್ಕುಲೇಟರ್ ವ್ಯಾಪಾರದಲ್ಲಿ ಸೋತು ಸಾಲದಲ್ಲಿದ್ದ ಅವರು 'ಆಲ್ಟೇರ್ 8800' ಎಂಬ ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ ಆಗಿ ಮಾರಲು ಹೊರಟರು. ಬೆಲೆ 400 ಡಾಲರಿನ ಆಸುಪಾಸು. ಜನವರಿ 1975ರ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು.

ಒಂದು ತಮಾಷೆ ಕೇಳಿ. ಪತ್ರಿಕೆಗೆಂದು ಕಳಿಸಿದ ಅಸಲಿ ಯಂತ್ರ ಸಾಗಣೆಯಲ್ಲೇ ಕಳೆದುಹೋಗಿತ್ತು. ಮುಖಪುಟದಲ್ಲಿ ಕಂಡದ್ದು ಒಳಗೆ ಏನೂ ಇಲ್ಲದ ಖಾಲಿ ಡಬ್ಬಿ! ಆದರೂ ಆರ್ಡರುಗಳು ಬಂದು ಬಿದ್ದವು.

ಕಿಟ್ ಕೊಂಡವರು ಪ್ರತಿ ಚಿಪ್ಪನ್ನೂ ಬೆಸುಗೆ ಹಾಕಿ ಕೂರಿಸಬೇಕಿತ್ತು. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲು, ಮಿನುಗುವ ಸಣ್ಣ ದೀಪಗಳು, ಅಷ್ಟೆ. ಅದರ ನೆನಪಿನ ಶಕ್ತಿ 256 ಬೈಟ್. ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ಉದ್ದನೆಯ ಕನ್ನಡ ಸಂದೇಶಕ್ಕೂ ಅದರಲ್ಲಿ ಜಾಗ ಸಾಲದು. ಆ ಯಂತ್ರಕ್ಕೆ 'ಬೇಸಿಕ್' ಭಾಷೆ ಬರೆದುಕೊಟ್ಟ ಇಬ್ಬರು ಹುಡುಗರು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್. ಮೈಕ್ರೋಸಾಫ್ಟ್ ಶುರುವಾದದ್ದು ಅಲ್ಲಿಂದ.

ಮರುವರ್ಷ, 1976ರಲ್ಲಿ, 'ಆಪಲ್ 1' ಬಂತು. ಅದರಲ್ಲಿ ಬೋರ್ಡು ಮಾತ್ರ ಸಿದ್ಧ. ಡಬ್ಬಿ, ಕೀಬೋರ್ಡ್, ಟಿವಿ, ಕರೆಂಟಿನ ವ್ಯವಸ್ಥೆ ಎಲ್ಲ ಕೊಂಡವರದೇ.

ಯಾವ ಟ್ರ್ಯಾಕ್ಟರಿಗೂ ಹೊಂದುವ ಕೊಂಡಿ

ನಮ್ಮ ಊರಿನ ಟ್ರ್ಯಾಕ್ಟರ್ ನೋಡಿ. ಎಂಜಿನ್ ಯಾವ ಕಂಪನಿಯದೇ ಇರಲಿ, ಹಿಂದೆ ಬೇರೊಂದು ಕಂಪನಿಯ ರೋಟವೇಟರ್ ಹಾಕಬಹುದು, ಊರಿನ ಕಮ್ಮಾರರು ಮಾಡಿದ ಕುಂಟೆಯನ್ನೂ ಹಾಕಬಹುದು. ಕೊಂಡಿಯ ಅಳತೆ ಒಂದೇ ಆಗಿರುವುದರಿಂದ ಇದು ಸಾಧ್ಯ. ಕಂಪ್ಯೂಟರಿಗೆ ಇಂಥ ಕೊಂಡಿ ಸಿಕ್ಕಿದ್ದು 1981ರಲ್ಲಿ.

ಐಬಿಎಂ ದೊಡ್ಡ ದೊಡ್ಡ ಕಂಪ್ಯೂಟರುಗಳ ದೈತ್ಯ ಕಂಪನಿ. ಸಣ್ಣ ಕಂಪ್ಯೂಟರಿನ ಪೇಟೆ ಕೈತಪ್ಪುತ್ತಿದೆ ಎಂದು ಕಂಡಾಗ ಅದು ಫ್ಲಾರಿಡಾದ ಬೊಕಾ ರಟೋನ್‌ನಲ್ಲಿದ್ದ ತನ್ನ ಒಂದು ತಂಡಕ್ಕೆ ಸುಮಾರು ಒಂದು ವರ್ಷದ ಗಡುವು ಕೊಟ್ಟಿತು. ಎಲ್ಲವನ್ನೂ ತಾವೇ ತಯಾರಿಸುತ್ತ ಕೂತರೆ ಗಡುವಿನಲ್ಲಿ ಮುಗಿಯದು. ಹಾಗಾಗಿ ತಂಡ ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಕೊಂಡಿತು. ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಹೊಸ ಕಾರ್ಡು ಸಿಕ್ಕಿಸಲು ಒಳಗೆ ಐದು ಖಾಲಿ ಜಾಗ ಬಿಟ್ಟರು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಅದರ ಒಳಗಿನ ನಕ್ಷೆಗಳನ್ನು ಕೈಪಿಡಿಯಾಗಿ ಮಾರಿದರು, ಬೇರೆಯವರೂ ಅದಕ್ಕೆ ಹೊಂದುವ ಕಾರ್ಡು ಮಾಡಲಿ ಎಂದು.

ಐಬಿಎಂ ಕೈಯಲ್ಲಿ ಬಿಗಿಯಾಗಿ ಉಳಿದದ್ದು ಒಂದೇ ಬೀಗ: ಬಯಾಸ್. ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರನ್ನು ಎಬ್ಬಿಸುವ ಸಣ್ಣ ತಂತ್ರಾಂಶ ಅದು. ಅದರ ಮೇಲೆ ಐಬಿಎಂಗೆ ಹಕ್ಕುಸ್ವಾಮ್ಯ ಇತ್ತು, ನಕಲು ಮಾಡುವಂತಿಲ್ಲ. ಕಾಂಪ್ಯಾಕ್ ಎಂಬ ಹೊಸ ಕಂಪನಿ ಜಾಣ ದಾರಿ ಹುಡುಕಿತು. ಒಂದು ಗುಂಪು ಬಯಾಸನ್ನು ಓದಿ ಅದು ಏನೇನು ಕೆಲಸ ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು. ಮೂಲವನ್ನು ಎಂದೂ ನೋಡದ ಇನ್ನೊಂದು ಗುಂಪು ಅದೇ ಕೆಲಸ ಮಾಡುವ ಹೊಸ ತಂತ್ರಾಂಶ ಬರೆಯಿತು. ಅದು ನಕಲಲ್ಲ, ಹಾಗಾಗಿ ಕಳವೂ ಅಲ್ಲ. ಕಾಂಪ್ಯಾಕ್ ಯಂತ್ರ 1983ರಲ್ಲಿ ಪೇಟೆಗೆ ಬಂತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ರೀತಿ ಬರೆದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೀಗ ತೆರೆಯಿತು. ತೈವಾನಿನ ಬೋರ್ಡು, ಕೊರಿಯಾದ ರ‍್ಯಾಮ್, ಮಲೇಷ್ಯಾದಲ್ಲಿ ತಯಾರಾದ ಚಿಪ್ಪು ಒಂದೇ ಡಬ್ಬಿಯಲ್ಲಿ ಕೂರುವ ಕಾಲ ಬಂತು.

1995ರಲ್ಲಿ ಇಂಟೆಲ್ 'ಎಟಿಎಕ್ಸ್' ಎಂಬ ಅಳತೆ ಹೊರಡಿಸಿತು. ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು, ಕರೆಂಟಿನ ಪ್ಲಗ್ ಹೇಗಿರಬೇಕು ಎಂಬುದೆಲ್ಲ ಅದರಲ್ಲಿದೆ. ನಮ್ಮ ಕಪ್ಪು ಕ್ಯಾಬಿನೆಟ್ಟಿನ ತೂತುಗಳೂ ಅದೇ ಲೆಕ್ಕದವು.

ಸುಂಕ ಇಳಿಯಿತು, ಎಸ್‌ಪಿ ರೋಡ್ ತುಂಬಿತು

ನಮ್ಮ ದೇಶದಲ್ಲಿ ಬಹಳ ಕಾಲ ಕಂಪ್ಯೂಟರ್ ಎಂದರೆ ಲೈಸೆನ್ಸು ಮತ್ತು ಭಾರಿ ಆಮದು ಸುಂಕ. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಅದನ್ನು ಸಡಿಲಿಸಿತು. 1991ರ ನಂತರ ಇನ್ನಷ್ಟು ಸಡಿಲವಾಯಿತು. 1996ರಲ್ಲಿ ಸಿಂಗಪುರದಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವೂ ಸೇರಿತು. ಕಂಪ್ಯೂಟರ್ ಭಾಗಗಳ ಸುಂಕವನ್ನು ಹಂತಹಂತವಾಗಿ 2005ರೊಳಗೆ ಸೊನ್ನೆಗೆ ಇಳಿಸುವ ಮಾತು ಅದರಲ್ಲಿತ್ತು.

ಇದರ ಫಲ ಕಾಣಬೇಕೆಂದರೆ ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡಿಗೆ, ಅಂದರೆ ಸಾದರ್ ಪತ್ರಪ್ಪ ರಸ್ತೆಗೆ ಹೋಗಬೇಕು. ಕಿರಿದಾದ ಅಂಗಡಿಗಳು, ಚಾವಣಿವರೆಗೆ ಡಬ್ಬಿ, ಮಧ್ಯೆ ಕೈಗಾಡಿ. ಜಿಲ್ಲೆ ಜಿಲ್ಲೆಯ ಡಿಟಿಪಿ ಅಂಗಡಿ, ಸೈಬರ್ ಕೆಫೆಗಳ ಎಷ್ಟೋ ಯಂತ್ರಗಳ ತವರುಮನೆ ಅದು.

ಕನ್ನಡದ ಕಥೆಯೂ ಇದರೊಂದಿಗೇ ನಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಬಂತು. ಅದರ ಕೀಲಿಮಣೆಯ ಹಿಂದೆ ಇರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಅಗ್ಗದ ಡಬ್ಬಿಯೂ ಕನ್ನಡದ ತಂತ್ರಾಂಶವೂ ಎರಡೂ ಸಿಕ್ಕಿದ್ದರಿಂದಲೇ ಹೋಬಳಿ ಮಟ್ಟದಲ್ಲೂ ಕನ್ನಡ ಟೈಪಿಂಗ್ ಅಂಗಡಿ ಎದ್ದವು.

ಥಾಯ್ಲೆಂಡಿನ ನೆರೆ, ನಮ್ಮ ಜೇಬು

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಅಂಗಡಿಯಿಂದ ಅಂಗಡಿಗೆ ದರ ಕೇಳುತ್ತ ಅಲೆದೆವು. ಪ್ರೊಸೆಸರ್ 3,200. ಮದರ್‌ಬೋರ್ಡ್ 2,900. ಎರಡು ಜಿಬಿ ರ‍್ಯಾಮ್ 700. ಕ್ಯಾಬಿನೆಟ್ 1,400. ಮಾನಿಟರ್ 4,800. ಡಿವಿಡಿ ಡ್ರೈವ್ 950. ಕೀಬೋರ್ಡ್, ಮೌಸ್ 600. ಯುಪಿಎಸ್ 1,700. ಇಲ್ಲಿಯವರೆಗೆ ಲೆಕ್ಕ ಸರಿ. ಹಾರ್ಡ್‌ಡಿಸ್ಕ್ ಕೇಳಿದಾಗ ಎದೆ ಝಲ್ಲೆಂದಿತು. 1,900 ಎಂದು ಬರೆದುಕೊಂಡು ಹೋಗಿದ್ದೆವು, 4,200 ಎಂದರು.

"ಥಾಯ್ಲೆಂಡಲ್ಲಿ ನೆರೆ ಬಂದೈತೆ ಸಾರ್" ಅಂದ ಅಂಗಡಿಯ ಹುಡುಗ. ಬೆಲೆ ಏರಿಸಲು ಹೇಳುವ ನೆಪ ಎಂದುಕೊಂಡೆವು. ನೆಪವಾಗಿರಲಿಲ್ಲ. ಆ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಕೈಗಾರಿಕಾ ಪ್ರದೇಶಗಳು ನೀರಿನಲ್ಲಿ ಮುಳುಗಿದ್ದವು. ವೆಸ್ಟರ್ನ್ ಡಿಜಿಟಲ್ ಕಂಪನಿಯ ದೊಡ್ಡ ಕಾರ್ಖಾನೆಯೂ ಅದರಲ್ಲಿತ್ತು. ಜಗತ್ತಿನಾದ್ಯಂತ ಹಾರ್ಡ್‌ಡಿಸ್ಕ್ ಬೆಲೆ ಜಿಗಿದಿತ್ತು. 2009ರ ನಮ್ಮ ಉತ್ತರ ಕರ್ನಾಟಕದ ನೆರೆಯನ್ನು ಕಣ್ಣಾರೆ ಕಂಡವರು ನಾವು. ಎಲ್ಲೋ ಹರಿದ ಇನ್ನೊಂದು ನೆರೆ ನಮ್ಮ ಜೇಬಿಗೆ ಬಂದು ಮುಟ್ಟಿದ್ದು ಅಂದೇ ಅರ್ಥವಾಯಿತು.

ಡಿಸ್ಕ್ ಬಿಟ್ಟು ಉಳಿದದ್ದೆಲ್ಲ 16,250ಕ್ಕೆ ತಂದೆವು. ಆಗ ನಮ್ಮೂರಲ್ಲಿ ಒಂದು ಸೈಬರ್ ಕೆಫೆ ಮುಚ್ಚುತ್ತಿತ್ತು. ಅಲ್ಲಿದ್ದ ಬಹುತೇಕ ಡಿಸ್ಕುಗಳಿಗೆ ಹಳೇ ಕಾಲದ ಅಗಲ ಪಟ್ಟಿಯ ಕೇಬಲ್. ನಮ್ಮ ಹೊಸ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಹುಡುಕಿ ಹುಡುಕಿ ಸಣ್ಣ ಕೇಬಲ್ಲಿನ ಸಾಟಾ ಡಿಸ್ಕ್ ಒಂದನ್ನು 600 ರೂಪಾಯಿಗೆ ತೆಗೆದುಕೊಂಡೆವು. 80 ಜಿಬಿ.

ಉಳಿದ ಒಂದು ವೈರು

ಮರದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿದೆವು. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೊಲ್ಲಬಹುದು, ಆಗಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಎಂದು ಅಂಗಡಿಯವರು ಹೇಳಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡಂತೆ ನಿಮಿಷಕ್ಕೊಮ್ಮೆ ಮುಟ್ಟುತ್ತಿದ್ದೆವು.

ಪ್ರೊಸೆಸರ್ ಕೂರುವ ಗುಳಿಯಲ್ಲಿ ಕೂದಲಿನಂಥ 1,155 ಮುಳ್ಳು. ಒಂದು ಬಗ್ಗಿದರೂ ಬೋರ್ಡ್ ಹೋಯಿತು. ಸನ್ನೆಯನ್ನು ಒತ್ತಿದಾಗ ಕರಕ್ ಎಂಬ ಸದ್ದು. ಮುರಿದೇಬಿಟ್ಟೆವು ಎಂದು ಮೂವರೂ ಮುಖ ಮುಖ ನೋಡಿದೆವು. ಅದು ಸಹಜ ಸದ್ದು ಎಂದು ಆಮೇಲೆ ತಿಳಿಯಿತು. ಫ್ಯಾನ್, ರ‍್ಯಾಮ್, ಡಿಸ್ಕ್, ಕೇಬಲ್ ಎಲ್ಲ ಹಾಕಿ ಸ್ವಿಚ್ ಒತ್ತಿದೆವು.

ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು.

ರ‍್ಯಾಮ್ ತೆಗೆದು ಹಾಕಿದೆವು. ಕೇಬಲ್ ಬದಲಿಸಿದೆವು. ಎರಡು ಗಂಟೆ ಕಳೆಯಿತು. ಎಂಟು ಸಾವಿರ ಸಾಲದ ಗೆಳೆಯ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟ. ಕೊನೆಗೆ ಪಕ್ಕದ ಟಿವಿ ರಿಪೇರಿ ಅಂಗಡಿಯ ಕಾಕಾ ಅವರನ್ನು ಕರೆತಂದೆವು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಕನ್ನಡಕ ಏರಿಸಿ, ಬ್ಯಾಟರಿ ಹಿಡಿದು ಸುಮ್ಮನೆ ನೋಡಿದರು.

"ತಮ್ಮಾ, ಇಲ್ಲೊಂದು ವೈರ್ ಹಂಗ ಜೋತಬಿದ್ದೈತಲ್ಲೋ. ಕಂಪನ್ಯಾಂವ ಸುಮ್‌ಸುಮ್ನ ಒಂದ್ ಪ್ಲಗ್ ಕೊಡ್ತಾನೇನ?"

ನಾಲ್ಕು ತಂತಿಯ ಚೌಕ ಪ್ಲಗ್. ಪ್ರೊಸೆಸರಿಗೆ ಪ್ರತ್ಯೇಕ ಕರೆಂಟು ಕೊಡುವುದು ಅದೇ. ಬೋರ್ಡಿನ ಮೇಲ್ಮೂಲೆಯಲ್ಲಿ ಅದರ ಜಾಗ ಖಾಲಿ ಇತ್ತು. ಸಿಕ್ಕಿಸಿ ಒತ್ತಿದೆವು. ಒಂದು 'ಬೀಪ್'. ಪರದೆಯ ಮೇಲೆ ಬಿಳಿ ಅಕ್ಷರ. ಕಟ್ಟೆಯ ಮೇಲಿದ್ದವನು ಓಡಿ ಬಂದ. ಕಾಕಾ ಚಹಾ ಕುಡಿದು ಹೋದರು, ದುಡ್ಡು ಮುಟ್ಟಲಿಲ್ಲ.

ಆಗ ಹಾಕಿದ ವಿಂಡೋಸ್ ಯಾರದೋ ನಕಲು ಪ್ರತಿ. ಅದೇನು ಹೆಮ್ಮೆಯ ಮಾತಲ್ಲ, ಆದರೆ ನಡೆದದ್ದು ಹಾಗೆ. ನುಡಿಯಲ್ಲಿ ಮೊದಲು ಟೈಪ್ ಮಾಡಿದ್ದು ಮರಳು ಲಾರಿಗಳಿಂದ ಹಾಳಾದ ಒಂದು ಹಳ್ಳಿ ರಸ್ತೆಯ ಸುದ್ದಿ. ಒಂದೂವರೆ ವರ್ಷದಲ್ಲಿ ಸಂಘದ ಸಾಲ ತೀರಿತು.

ಹೋದದ್ದು, ಉಳಿದದ್ದು

2013ರ ಮಳೆಗಾಲದಲ್ಲಿ ಆ 600 ರೂಪಾಯಿಯ ಡಿಸ್ಕ್ ಟಿಕ್ ಟಿಕ್ ಎಂದು ಸತ್ತಿತು. ವರದಿಗಳು ಹೋದವು, ಅದಕ್ಕೆ ಅಷ್ಟು ದುಃಖವಿಲ್ಲ. ಬೀಸುವ ಪದ ಹಾಡುತ್ತಿದ್ದ ಒಬ್ಬ ಅಜ್ಜಿಯ ಧ್ವನಿಯನ್ನು ಮುದ್ರಿಸಿ ಅದರಲ್ಲೇ ಇಟ್ಟಿದ್ದೆವು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮೊಮ್ಮಗಳು ಆ ಹಾಡು ಕೇಳಿ ಬಂದಾಗ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಯಂತ್ರ ಜೋಡಿಸಲು ಕಲಿತಿದ್ದೆವು, ಅದರಲ್ಲಿಟ್ಟದ್ದನ್ನು ಎರಡು ಕಡೆ ಇಡಬೇಕೆಂಬುದನ್ನು ಕಲಿತಿರಲಿಲ್ಲ. ಅಂದಿನಿಂದ ಯಾವ ಮುದ್ರಣವನ್ನೂ ಒಂದೇ ಕಡೆ ಇಟ್ಟಿಲ್ಲ.

ಡಿಸ್ಕ್ ಬದಲಿಸಲು ಮಾತ್ರ ಹತ್ತು ನಿಮಿಷ ಸಾಕಾಯಿತು. ಮುಂದೆ ರ‍್ಯಾಮ್ ಹೆಚ್ಚಿಸಿದೆವು, ಎಸ್‌ಎಸ್‌ಡಿ ಹಾಕಿದೆವು, ಉಬುಂಟು ಹಾಕಿದೆವು. ಕ್ಯಾಬಿನೆಟ್ಟು, ಬೋರ್ಡು ಅವೇ ಇವೆ. ನೀವು ಇದನ್ನು ಓದುತ್ತಿರುವ ಫೋನು ಹಾಗಲ್ಲ. ಅದನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬ್ಯಾಟರಿ ಬದಲಿಸಲೂ ಅಂಗಡಿಗೇ ಹೋಗಬೇಕು.

ನಿಮ್ಮೂರ ಶಾಲೆಯಲ್ಲೂ ಬಟ್ಟೆ ಹೊದ್ದು ಕೂತ ಕಂಪ್ಯೂಟರುಗಳು ಇರಬಹುದು. 'ಕೆಟ್ಟಿದೆ' ಎಂದು ಕೋಣೆಗೆ ಬೀಗ ಹಾಕಿರುತ್ತಾರೆ. ನಾವು ನೋಡಿದ ಕೆಲವು ಕಡೆ ಕೆಟ್ಟಿದ್ದು ನಾಣ್ಯದಂಥ ಒಂದು ಸಣ್ಣ ಬ್ಯಾಟರಿ, ಇಲ್ಲವೇ ಧೂಳು ತಿಂದ ರ‍್ಯಾಮ್. ಮುಖ್ಯೋಪಾಧ್ಯಾಯರ ಅನುಮತಿ ಪಡೆಯಿರಿ. ಪ್ಲಗ್ ಕಿತ್ತು, ತಗಡು ಬಿಚ್ಚಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿಕೊಂಡು, ರ‍್ಯಾಮ್ ತೆಗೆದು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿ ನೋಡಿ. ಕರೆಂಟ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ತು ಉಳಿದಿರುತ್ತದೆ.

ಆಮೇಲೂ ಪರದೆ ಕಪ್ಪಾಗಿಯೇ ಇದ್ದರೆ, ಯಾವ ವೈರಾದರೂ ಜೋತುಬಿದ್ದಿದೆಯೇ ನೋಡಿ.