ಚಿಕಿತ್ಸೆಯ ಮೂರನೆಯ ಪಾದ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣ ಬದಿಯಲ್ಲಿ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನ ಸ್ಮಾರಕ ಅದು. 1220ರಲ್ಲಿ ಅರಸ ತೀರಿಕೊಂಡಾಗ ಕೊಟ್ಟ ಭಾಷೆಗೆ ತಪ್ಪದೆ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವರ ಯೋಧರೂ ಪ್ರಾಣ ನೀಗಿದರೆಂಬುದು ಅಲ್ಲಿನ ಶಾಸನದ ಸಾರ. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಕಂಬದ ಮೇಲೆ ಕಡೆದಿದ್ದಾರೆ. ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯಲ್ಲಿ ವೀರಗಲ್ಲಿಗೂ ಮಾಸ್ತಿಕಲ್ಲಿಗೂ ಬರವಿಲ್ಲ. ಸತ್ತವರ ಜೊತೆಗೆ ಸತ್ತವರನ್ನು ಈ ನೆಲ ಹೆಸರು ಹಿಡಿದು ನೆನಪಿಟ್ಟಿತು. ಹಾಸಿಗೆ ಹಿಡಿದವರ ಜೊತೆಗೆ ಬದುಕಿ, ಉಣಿಸಿ, ಮೈ ಒರೆಸಿ, ರಾತ್ರಿ ಎದ್ದು ಕೂತವರಿಗೆ ಕಲ್ಲು ನಿಲ್ಲಿಸುವ ರೂಢಿ ಮಾತ್ರ ಬೆಳೆಯಲಿಲ್ಲ. ಆ ಹಳೆಯ ಅಳತೆಗೋಲು ಇನ್ನೂ ನಮ್ಮ ಕೈಯಲ್ಲೇ ಇದೆ. ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ ರೋಗಿಯನ್ನು ನೋಡಿಕೊಳ್ಳುವ ಹೆಂಡತಿಯನ್ನೋ ಗಂಡನನ್ನೋ ನಾವು ತ್ಯಾಗದ ಲೆಕ್ಕದಲ್ಲಿ ಹೊಗಳುತ್ತೇವೆ, ಹೊಗಳಿ ಸುಮ್ಮನಾಗುತ್ತೇವೆ. ಆದರೆ ಆ ಆರೈಕೆ ಚಿಕಿತ್ಸೆಯದೇ ಒಂದು ಭಾಗ. ಕಳೆದ ನೂರು ವರ್ಷಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಬಿದ್ದ ಕೆಲಸ ಅದು. ಕೆಲಸವೆಂದ ಮೇಲೆ ಅದಕ್ಕೆ ತರಬೇತಿ, ಸಲಕರಣೆ, ಬಿಡುವು, ಹಣ ಎಲ್ಲವೂ ಸಲ್ಲಬೇಕು.

ಹೀಗೆ ಹೇಳುವುದು ಹೊರಗಿನಿಂದ ತಂದ ಹೊಸ ವಾದವೇನೂ ಅಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಎಣಿಸುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮೂರನೆಯವನಾದ ಪರಿಚಾರಕನಿಗೂ ನಾಲ್ಕು ಗುಣಗಳು ಬೇಕು ಎನ್ನುತ್ತದೆ: ಉಪಚಾರದ ತಿಳಿವಳಿಕೆ, ಕೆಲಸದಲ್ಲಿ ಚುರುಕು, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ಪ್ರೀತಿ ಇಲ್ಲಿ ನಾಲ್ಕರಲ್ಲಿ ಒಂದು. ತಿಳಿವಳಿಕೆ ಅದಕ್ಕಿಂತ ಮೊದಲು ಬರುತ್ತದೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವೂ ರೋಗಿಗಳಿಗೆ ಮದ್ದು ಕೊಡುವುದನ್ನು ಮಠದ ಕೆಲಸಗಳ ಸಾಲಿನಲ್ಲೇ ಹೇಳುತ್ತದೆ. ಅಂದರೆ ಹೊಯ್ಸಳರು ತಲೆಯೆತ್ತುತ್ತಿದ್ದ ಕಾಲದಲ್ಲೇ ಕನ್ನಡ ನಾಡಿನಲ್ಲಿ ಎರಡು ದಾರಿಗಳಿದ್ದವು. ಒಂದು ಜೊತೆಯಲ್ಲಿ ಸಾಯುವುದನ್ನು ಪೂಜಿಸಿತು; ಇನ್ನೊಂದು ರೋಗಿಯ ಸೇವೆಯನ್ನು ದಾನದತ್ತಿಗೆ ಯೋಗ್ಯವಾದ ವಿದ್ಯೆ ಎಂದು ಕಂಡಿತು. ಮನೆಯ ಆರೈಕೆಯ ಮಾತು ಬಂದಾಗ ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟೆವು.

ಈ ಸೀಮೆಯವರಿಗೆ ಎದೆಯ ಕಾಯಿಲೆ ಎಂದರೆ ಬಹುಕಾಲ ಕ್ಷಯವೇ. ಅದು ಮೈಸೂರು ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಅದಕ್ಕೆ ಬಲಿಯಾದರು. ಅವರ ಹೆಸರಿನಲ್ಲೇ ಮೈಸೂರಿನಲ್ಲಿ ಕ್ಷಯರೋಗಿಗಳ ಸ್ಯಾನಿಟೋರಿಯಂ ಎದ್ದಿತು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ನೋಡಿಕೊಳ್ಳಲು ದಾದಿಯರು: ಆಗಿನ ಚಿಕಿತ್ಸೆ ಎಂದರೆ ಬಹುಪಾಲು ಆರೈಕೆಯೇ, ಅದು ನಡೆಯುತ್ತಿದ್ದುದು ಸಂಸ್ಥೆಯ ಗೋಡೆಯೊಳಗೆ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಒಂದು ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಬಡರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಮಾತ್ರೆ ಕೊಟ್ಟು ನೋಡಿದಾಗ, ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಆ ಫಲಿತಾಂಶ ಹೊರಬಂದ 1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಕ್ಷಯದ ಚಿಕಿತ್ಸೆ ಹಾಸಿಗೆಗಳನ್ನು ಬಿಟ್ಟು ಹಳ್ಳಿಯ ಮನೆಗಳಿಗೆ ನಡೆಯಿತು. ಬಡ ದೇಶಕ್ಕೆ ಇದು ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ದಾದಿಯರು ಮಾಡುತ್ತಿದ್ದ ಕೆಲಸ ಮಾಯವಾಗಲಿಲ್ಲ. ಅದು ಮನೆಯವರ ಕೈಗೆ, ಹೆಚ್ಚಾಗಿ ಮನೆಯ ಹೆಂಗಸರ ಕೈಗೆ ದಾಟಿತು.

ಕ್ಯಾನ್ಸರಿನಲ್ಲಿ ಇದೇ ಕಥೆ ಎರಡನೆಯ ಸಲ ನಡೆಯಿತು. ಶ್ವಾಸಕೋಶದ ಕ್ಯಾನ್ಸರ್ ಒಂದು ಕಾಲದಲ್ಲಿ ತೀರಾ ಅಪರೂಪ. 1912ರಲ್ಲಿ ಐಸಾಕ್ ಆಡ್ಲರ್ ಅದರ ಬಗ್ಗೆ ಪುಸ್ತಕ ಬರೆದಾಗ ಇಷ್ಟು ವಿರಳವಾದ ರೋಗಕ್ಕೆ ಪುಸ್ತಕ ಬೇಕೇ ಎಂದು ಸಮಜಾಯಿಷಿ ಕೊಡಬೇಕಾಯಿತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಅಲ್ಲಿಂದ ಮುಂದೆ ಹಾಸನ ಜಿಲ್ಲೆಯ ಬಡವರಿಗೆ ಕ್ಯಾನ್ಸರ್ ಎಂದರೆ ಕಿದ್ವಾಯಿ ಎಂಬಂತಾಯಿತು. ಕೊಬ್ಬರಿ ಸಾಗಿಸುವ ಅರಸೀಕೆರೆ ಜಂಕ್ಷನ್ನಿನಿಂದಲೇ ರೋಗಿಗಳೂ ರೈಲು ಹತ್ತಿದರು. ಬೇಲೂರು, ಹಳೇಬೀಡಿನವರು ಜಾವಗಲ್ ದಾರಿಯಲ್ಲಿ ಬಸ್ಸಿನಲ್ಲಿ ಅಲ್ಲಿಗೆ ಬಂದು ಸೇರಬೇಕಿತ್ತು, ಇಲ್ಲವೇ ಹಾಸನದ ದಾರಿ ಹಿಡಿಯಬೇಕಿತ್ತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಶ್ವಾಸಕೋಶ ಕ್ಯಾನ್ಸರಿನ ಮುಖ್ಯ ಕೀಮೋ ಔಷಧವಾಯಿತು. ಅದು ತರುತ್ತಿದ್ದ ವಾಂತಿ ಎಷ್ಟು ಭೀಕರವೆಂದರೆ, ಮೂತ್ರಪಿಂಡ ಕೆಡದಂತೆ ಸಲೈನ್ ಏರಿಸುವ ಕೆಲಸವೂ ಸೇರಿ ರೋಗಿ ವಾರ್ಡಿನಲ್ಲೇ ಇರಬೇಕಾಗುತ್ತಿತ್ತು. 1990ರ ದಶಕದಲ್ಲಿ ವಾಂತಿ ತಡೆಯುವ ಆಂಡಾನ್ಸೆಟ್ರಾನ್, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್, ಮೂತ್ರಪಿಂಡಕ್ಕೆ ಅಷ್ಟು ಕಷ್ಟ ಕೊಡದ ಕಾರ್ಬೋಪ್ಲಾಟಿನ್ ಬಳಕೆಗೆ ಬಂದವು. ಬೆಳಿಗ್ಗೆ ಕೀಮೋ, ಸಂಜೆ ಮನೆ ಎಂಬ ಡೇ ಕೇರ್ ಪದ್ಧತಿ ಸಾಧ್ಯವಾದದ್ದು ಇವುಗಳಿಂದ. 2025ರ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ ಹೇಳಿತು. ಕರ್ನಾಟಕವೂ ಅದೇ ವರ್ಷ ಹಲವು ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳನ್ನು ಆರಂಭಿಸಿತು. ದೂರದ ಓಡಾಟ ತಪ್ಪುವುದು ಪುಣ್ಯದ ಕೆಲಸ. ಆದರೆ ಔಷಧ ಏರಿಸುವ ಕೆಲವು ಗಂಟೆಗಳಷ್ಟೇ ಆಸ್ಪತ್ರೆಯ ಪಾಲಾಗಿ, ಅದರ ಪರಿಣಾಮ ಅನುಭವಿಸುವ ಮೂರು ವಾರಗಳು ಪೂರ್ತಿ ಮನೆಯ ಪಾಲಾದವು.

ಆ ಮೂರು ವಾರಗಳಲ್ಲಿ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲ ನಾಲ್ಕೈದು ದಿನ ವಾಕರಿಕೆ. ಒಗ್ಗರಣೆಯ ವಾಸನೆ ಬಂದರೇ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಬಿಸಿ ಸಾರಿಗಿಂತ ಆರಿದ ಗಂಜಿ, ಮೊಸರನ್ನ ಸಲೀಸು. ಬಾಯಿಗೆ ಲೋಹದ ರುಚಿ ಹತ್ತಿದವರಿಗೆ ಸ್ಟೀಲ್ ಚಮಚ ಬೇಡವಾಗುತ್ತದೆ. ವಾಂತಿ ನಿಲ್ಲಿಸುವ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ಕೊಟ್ಟರೆ ಉಪಯೋಗ ಕಡಿಮೆ, ಹೊತ್ತಿಗೆ ಸರಿಯಾಗಿ ಮೊದಲೇ ಕೊಡಬೇಕು; ಅದೇ ಮಾತ್ರೆ ಮಲಬದ್ಧತೆ ತರುತ್ತದೆ, ಅದನ್ನೂ ಗಮನಿಸಬೇಕು. ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದು ಕ್ರೋಸಿನ್ ನುಂಗಿ ಮಲಗುವ ಜ್ವರವಲ್ಲ. ಅದೇ ರಾತ್ರಿ ಆಸ್ಪತ್ರೆ ಸೇರಿ ಆ್ಯಂಟಿಬಯೋಟಿಕ್ ಹಾಕಿಸದಿದ್ದರೆ ಜೀವಕ್ಕೇ ಅಪಾಯ. ಬಾಯಿ ಹುಣ್ಣಿಗೆ ಉಪ್ಪು ಸೋಡಾ ಬೆರೆಸಿದ ನೀರಿನಲ್ಲಿ ಮುಕ್ಕಳಿಸಬೇಕು. ಬೆರಳು ಜೋಮು ಹಿಡಿದವರಿಗೆ ಅಂಗಿಯ ಗುಂಡಿ ಹಾಕಿಕೊಡಬೇಕು. ಉಸಿರು ಕಟ್ಟಿದಾಗ ದಿಂಬು ಒಟ್ಟಿ ಮುಂದಕ್ಕೆ ಒರಗಿಸಿ ಕೂರಿಸಿ, ಮುಖಕ್ಕೆ ಫ್ಯಾನಿನ ಗಾಳಿ ತಾಗುವಂತೆ ಮಾಡಬೇಕು. ಚರಕ ಹೇಳಿದ ನಾಲ್ಕೂ ಗುಣಗಳು ಇಲ್ಲಿವೆ. ಜ್ವರದ ಅರ್ಥ ಗೊತ್ತಿರುವುದು ತಿಳಿವಳಿಕೆ, ಹೊತ್ತು ಮೀರದಂತೆ ನಡೆದುಕೊಳ್ಳುವುದು ಚುರುಕು, ಕೈ ತೊಳೆಯುವುದು ಶುಚಿ. ಪ್ರೀತಿ ಎಷ್ಟಿದ್ದರೂ ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಜ್ವರದ ಅಳತೆ ಸಿಗುವುದಿಲ್ಲ.

ಗೊತ್ತಿಲ್ಲದ ಪ್ರೀತಿ ಕೆಲವೊಮ್ಮೆ ಕೇಡನ್ನೂ ಮಾಡುತ್ತದೆ. ಕಾಯಿಲೆ ಎಂದರೆ ಪಥ್ಯ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ. ಮೊಸರು ಶೀತ, ಮೊಟ್ಟೆ ಉಷ್ಣ, ಮಾಂಸ ನಂಜು ಎಂದು ಒಂದೊಂದನ್ನೇ ಬಿಡಿಸುತ್ತ ಹೋದರೆ ಕೊನೆಗೆ ರೋಗಿಗೆ ಉಳಿಯುವುದು ಗಂಜಿ ನೀರು. ಕೀಮೋ ನಡೆಯುವಾಗ ಮೈ ಇಳಿದಷ್ಟೂ ಔಷಧ ತಾಳುವ ಶಕ್ತಿ ಕುಗ್ಗುತ್ತದೆ. ಬೇಳೆ, ಮೊಟ್ಟೆ, ಹಾಲು, ಒಗ್ಗುವವರಿಗೆ ಮಾಂಸ, ಎಲ್ಲವೂ ಬೇಕು. ಪಥ್ಯ ಹಿಡಿಸುವ ಹೆಂಡತಿಗೆ ಪ್ರೀತಿ ಕಡಿಮೆಯಿರುವುದಿಲ್ಲ. ತಪ್ಪು ಇರುವುದು ಡಿಸ್ಚಾರ್ಜ್ ಚೀಟಿ ಕೊಟ್ಟು, ಹತ್ತು ನಿಮಿಷ ಕೂರಿಸಿಕೊಂಡು ಹೇಳದೆ ಕಳಿಸುವ ವ್ಯವಸ್ಥೆಯಲ್ಲಿ.

ಇದಕ್ಕೆ ಮೊದಲ ಆಕ್ಷೇಪ ಅವಿಭಕ್ತ ಕುಟುಂಬದ್ದು. ಹಿಂದೆ ಮನೆ ತುಂಬ ಜನ ಇದ್ದರು, ಯಾರಿಗೂ ಭಾರವಾಗುತ್ತಿರಲಿಲ್ಲ, ಈಗ ಮಕ್ಕಳು ಬೆಂಗಳೂರು ಸೇರಿದ್ದೇ ಕಷ್ಟಕ್ಕೆ ಮೂಲ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಊರಿನಲ್ಲಿ ಉಳಿದಿರುವುದು ಅನೇಕ ಕಡೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಆದರೆ ತುಂಬಿದ ಮನೆಯಲ್ಲೂ ರೋಗಿಯ ಕೆಲಸ ಎಲ್ಲರಿಗೂ ಹಂಚಿಹೋಗುತ್ತಿರಲಿಲ್ಲ. ಅದು ಸೊಸೆಯ ಪಾಲಿಗೆ, ವಿಧವೆಯಾದ ನಾದಿನಿಯ ಪಾಲಿಗೆ ಇಳಿಯುತ್ತಿತ್ತು. ಹೆಂಡತಿಗೆ ಕಾಯಿಲೆಯಾದರೆ ಗಂಡ ತಾಯಿಯನ್ನೋ ಮಗಳನ್ನೋ ಕರೆಸಿ ಪಾರಾಗಲು ರೂಢಿ ದಾರಿ ಬಿಟ್ಟಿತ್ತು. ಇಂದು ಆ ದಾರಿ ಮುಚ್ಚಿದೆ. ಅರವತ್ತು ದಾಟಿದ ಗಂಡಸು ಮೊದಲ ಸಲ ಗಂಜಿ ಬೇಯಿಸಲು ಕಲಿಯಬೇಕಾಗಿದೆ. ಅಲ್ಲದೆ ಕೀಮೋ ಆರೈಕೆ ಅಜ್ಜಿಯರಿಂದ ಬಂದ ವಿದ್ಯೆಯೂ ಅಲ್ಲ. ಬಾಣಂತನಕ್ಕೆ ಕಷಾಯ, ಎಣ್ಣೆ, ಪಥ್ಯಗಳ ಪರಂಪರೆ ಇದೆ. ಬಿಳಿ ರಕ್ತಕಣದ ಕುಸಿತಕ್ಕೆ ಪರಂಪರೆ ಇಲ್ಲ. ದೊಡ್ಡ ಕುಟುಂಬ ಇದ್ದಿದ್ದರೂ ಇದನ್ನು ಹೊಸದಾಗಿಯೇ ಕಲಿಯಬೇಕಿತ್ತು.

ಎರಡನೆಯ ಆಕ್ಷೇಪ ಇನ್ನೂ ಕಟುವಾದದ್ದು: ನಾಲ್ಕನೆಯ ಹಂತದ ರೋಗಿಗೆ ಇಷ್ಟೆಲ್ಲ ಏಕೆ, ಹೇಗೂ ಗುಣವಾಗುವುದಿಲ್ಲವಲ್ಲ ಎಂಬುದು. ನಮ್ಮಲ್ಲಿ ಎಕ್ಸ್‌ರೇಯ ಕಲೆಯನ್ನು ಕ್ಷಯವೆಂದು ಬಗೆದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ ಮೇಲೆ ಕ್ಯಾನ್ಸರ್ ಗೊತ್ತಾಗುವುದು ಹೊಸದಲ್ಲ. ಹೆಚ್ಚಿನವರು ಆಸ್ಪತ್ರೆ ತಲುಪುವುದೇ ಮುಂದುವರಿದ ಹಂತದಲ್ಲಿ. ಹಾಗಾಗಿ ಈ ಪ್ರಶ್ನೆ ಬಹುಪಾಲು ರೋಗಿಗಳನ್ನೇ ಕೈಬಿಡುವ ಪ್ರಶ್ನೆ. ಉತ್ತರ 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿದೆ. ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕೀಮೋ ಜೊತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ ಕೊಟ್ಟರು. ಅವರ ಬದುಕಿನ ನೆಮ್ಮದಿ ಹೆಚ್ಚಿತು, ಖಿನ್ನತೆ ತಗ್ಗಿತು, ಆಯುಷ್ಯದ ಮಧ್ಯಾಂಕವೂ 8.9 ತಿಂಗಳಿಗೆ ಬದಲು 11.6 ತಿಂಗಳಾಯಿತು. ನೋವನ್ನು, ಉಸಿರಾಟದ ಕಷ್ಟವನ್ನು, ಭಯವನ್ನು ಗಂಭೀರವಾಗಿ ನೋಡಿದ್ದರಿಂದಲೇ ಬಂದ ಫಲ ಅದು. ನಮ್ಮಲ್ಲಿ ನೋವಿಗೆ ಬೇಕಾದ ಮಾರ್ಫಿನ್ ಅನ್ನೇ 1985ರ ಮಾದಕವಸ್ತು ಕಾಯ್ದೆ ಲೈಸೆನ್ಸುಗಳ ಹಿಂದೆ ಬಚ್ಚಿಟ್ಟಿತು. 2014ರ ತಿದ್ದುಪಡಿ ದಾರಿ ಸಡಿಲಿಸಿದರೂ ತಾಲ್ಲೂಕುಗಳಲ್ಲಿ ಅದು ಸುಲಭವಾಗಿ ಕೈಗೆ ಸಿಗುವಂತಾಗಿಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಉಚಿತವಾಗಿ ಮಾಡುತ್ತಿರುವ ಉಪಶಾಮಕ ಆರೈಕೆಯ ಕೆಲಸವನ್ನು, 2008ರಲ್ಲಿ ನೀತಿ ರೂಪಿಸಿ ಕೇರಳ ಪಂಚಾಯಿತಿಗಳ ಮೂಲಕ ಮನೆಬಾಗಿಲಿಗೆ ಒಯ್ದ ಕೆಲಸವನ್ನು, ಅರಸೀಕೆರೆಯ ತಾಲ್ಲೂಕು ಆಸ್ಪತ್ರೆ ಮಾಡಲಾಗದು ಎನ್ನಲು ಕಾರಣವಿಲ್ಲ.

ಮೂರನೆಯದು, ಬೀಡಿ ಸೇದಿದ್ದಕ್ಕೆ ಬಂತು ಎಂಬ ಮಾತು. ಧೂಮಪಾನ ಮುಖ್ಯ ಕಾರಣ ಎಂಬುದು 1950ರಲ್ಲಿ ಡಾಲ್ ಮತ್ತು ಹಿಲ್ ಅವರ ಅಧ್ಯಯನದಿಂದಲೇ ಗೊತ್ತು. ಆದರೆ ಇದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿ ಹರಾಜು ಕಟ್ಟೆ ನಡೆಸುತ್ತದೆ. ಬೆಳೆಯಲು ಪರವಾನಗಿ ಕೊಟ್ಟು, ತೆರಿಗೆ ಎತ್ತಿ, ಕೊನೆಗೆ ಸೇದಿದವನ ಮನೆಯವರನ್ನಷ್ಟೇ ಹೊಣೆ ಮಾಡುವುದು ನ್ಯಾಯವಲ್ಲ. ಒಂದು ದಿನವೂ ಸೇದದೆ, ಸೌದೆ ಒಲೆಯ ಹೊಗೆಯಲ್ಲಿ ಬದುಕು ಸವೆಸಿದ ಹೆಂಗಸರಿಗೂ ಈ ರೋಗ ಬರುತ್ತದೆ. ದೂಷಣೆ ರೋಗಿಗೆ ತಟ್ಟುವಷ್ಟೇ ಜೊತೆಗಿರುವವರಿಗೂ ತಟ್ಟುತ್ತದೆ. ನಾಚಿಕೆಯಿಂದ ಅವರು ನೆರೆಯವರ ಸಹಾಯ ಕೇಳುವುದನ್ನೇ ಬಿಡುತ್ತಾರೆ.

ಕೊನೆಯದಾಗಿ, ಗಂಡ ಹೆಂಡಿರ ಸೇವೆಗೆ ಸರ್ಕಾರ ಹಣ ಕೊಟ್ಟರೆ ಸಂಬಂಧದ ಪಾವಿತ್ರ್ಯ ಕೆಡುವುದಿಲ್ಲವೇ ಎಂಬ ಅಳುಕು. ರೈಲ್ವೆ ಇಲಾಖೆ ಇದಕ್ಕೆ ಎಂದೋ ಉತ್ತರ ಕೊಟ್ಟಿದೆ: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಆ ರಿಯಾಯಿತಿಯಿಂದ ಯಾವ ದಾಂಪತ್ಯವೂ ಹಾಳಾಗಲಿಲ್ಲ. ಕ್ಷಯರೋಗಿಗೆ 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬಂತು, ಅದು 2024ರಲ್ಲಿ 1,000 ರೂಪಾಯಿಯಾಯಿತು. ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ಕಾರ್ಯಕರ್ತರಿಗೂ ಗೌರವಧನವಿದೆ. ಕ್ಯಾನ್ಸರಿನ ಲೆಕ್ಕ ಬೇರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ, ಆ ದುಡ್ಡು ಹೋಗುವುದು ಆಸ್ಪತ್ರೆಗೆ. ರೋಗಿಯ ಪಕ್ಕದಲ್ಲಿ ಕೂತು ಕೂಲಿ ಕಳೆದುಕೊಂಡವರಿಗೆ ಅದರಲ್ಲಿ ಪಾಲಿಲ್ಲ.

ಮಾಡಬೇಕಾದ್ದು ಅಸಾಧ್ಯವಾದದ್ದೇನೂ ಅಲ್ಲ. ಮೊದಲ ಕೀಮೋ ದಿನವೇ ಜೊತೆಗೆ ಬಂದವರಿಗೆ ಕನ್ನಡದಲ್ಲಿ ಒಂದು ಗಂಟೆಯ ಪಾಠ, ಕೈಗೊಂದು ಥರ್ಮಾಮೀಟರ್, ರಾತ್ರಿಯೂ ಎತ್ತುವ ಒಂದು ಫೋನ್ ನಂಬರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಜ್ವರಕ್ಕೆ ತಕ್ಷಣದ ಚಿಕಿತ್ಸೆ. ವಾರಕ್ಕೊಮ್ಮೆ ಮನೆಗೆ ಬರುವ ದಾದಿ. ನೋಡಿಕೊಳ್ಳುವವರಿಗೂ ನಿದ್ದೆ ಬೇಕು, ಅವರ ಬಿಪಿ ಶುಗರನ್ನೂ ಪರೀಕ್ಷಿಸಬೇಕು ಎಂಬ ತಿಳಿವಳಿಕೆ. ಕೀಮೋ ನಡೆಯುವಷ್ಟು ಕಾಲ ಒಂದು ಸಣ್ಣ ಭತ್ಯೆ. ಜೊತೆಯಲ್ಲಿ ಪ್ರಾಣ ಬಿಟ್ಟವರಿಗೆ ಗೌರವ ಕೊಡಲು ಹೊಯ್ಸಳ ನಾಡು ಕಂಬ ನಿಲ್ಲಿಸಿತು, ಭೂಮಿ ಬಿಟ್ಟಿತು. ಪ್ರಾಣ ಉಳಿಸಿಕೊಂಡು ಪಕ್ಕದಲ್ಲಿ ನಿಂತವರ ಕೆಲಸಕ್ಕೆ ನಮ್ಮ ಕಾಲದ ಸರ್ಕಾರ ಬಜೆಟ್ಟಿನಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲು ಬರುವವರೆಗೆ ಡೇ ಕೇರ್ ಕೇಂದ್ರಗಳನ್ನು ಎಷ್ಟು ತೆರೆದರೂ ಚಿಕಿತ್ಸೆ ಮೂರು ಪಾದಗಳ ಮೇಲೆಯೇ ಕುಂಟುತ್ತಿರುತ್ತದೆ.