ಒಂದೇ ಕೇಬಲ್ಲಿನ ಎರಡು ಡಿಸ್ಕುಗಳು

ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೇ ಇರುವ ದೊಡ್ಡತೋಗೂರಿನ ನಮ್ಮ ಮನೆಯ ಅಟ್ಟದ ಮೇಲೆ, 2002ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಕೂತಿದೆ. ಗುಜರಿಗೆ ಹಾಕಿ ಎಂದು ಮಗಳು ಪ್ರತಿ ದೀಪಾವಳಿಗೂ ಹೇಳುತ್ತಾಳೆ. ಅದರ ಹೊಟ್ಟೆಯಲ್ಲಿ ಮೂರು ಹಾರ್ಡ್ ಡಿಸ್ಕುಗಳಿವೆ. ಮೊದಲನೆಯದರಲ್ಲಿ, ತೀರಿಹೋದ ನಮ್ಮಣ್ಣ ಊರಿನ ಬಗ್ಗೆ ಬರೆದಿಟ್ಟ ಪುಟಗಳಿವೆ. ಯಾರ ಹೊಲ ಎಲ್ಲಿತ್ತು, ಯಾವ ಬಾವಿಯ ನೀರು ಸಿಹಿ ಎಂಬಂಥ ಸಂಗತಿಗಳು.

ಆ ಹೊಲಗಳ ಮೇಲೇ ಈ ಕಥೆ ಶುರುವಾಗುತ್ತದೆ. ಕಿಯೋನಿಕ್ಸ್ ಹುಟ್ಟಿದ್ದು 1976ರಲ್ಲಿ. ಅದರ ನೇತೃತ್ವ ವಹಿಸಿದ್ದ ಆರ್. ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟದ್ದು 1978ರಲ್ಲಿ. ಆಗ ಮೇಜಿನ ಮೇಲಿನ ಕಂಪ್ಯೂಟರಿಗೆ ಹಿಡಿಸುವ ಹಾರ್ಡ್ ಡಿಸ್ಕು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. 1956ರ ಐಬಿಎಂ ರಾಮ್ಯಾಕ್‌ನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಮುಂದೆ ಸೀಗೇಟ್ ಎಂದು ಹೆಸರಾದ ಕಂಪನಿ 5 ಎಂಬಿಯ ಪುಟ್ಟ ಡಿಸ್ಕನ್ನು ತಂದದ್ದು 1980ರಲ್ಲಿ.

ನಮ್ಮಂಥವರ ಮನೆಗೆ ಕಂಪ್ಯೂಟರ್ ಬಂದದ್ದು ಎಸ್.ಪಿ. ರೋಡಿನಿಂದ. ಬಿಡಿಭಾಗ ಕೊಂಡು ಜೋಡಿಸಿದ 'ಅಸೆಂಬಲ್ಡ್' ಪೆಟ್ಟಿಗೆ. ಜಾಗ ತುಂಬಿದಾಗ ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಇರಲಿಲ್ಲ. ಮನೆಗೆ ಕೋಣೆ ಕೂಡಿಸಿದಂತೆ ಡಿಸ್ಕು ಕೂಡಿಸುವುದು ರೂಢಿ. ಆದರೆ ಅದಕ್ಕೂ ಕಟ್ಟುಪಾಡುಗಳಿದ್ದವು. ಆಗಿನ ಐಡಿಇ ವ್ಯವಸ್ಥೆಯಲ್ಲಿ ಚಪ್ಪಟೆ ಪಟ್ಟಿಯಂಥ ಒಂದು ಕೇಬಲ್ಲಿಗೆ ಎರಡೇ ಡ್ರೈವು. ಬೋರ್ಡಿನಲ್ಲಿ ಅಂಥ ಎರಡು ಕೇಬಲ್ಲು, ಒಟ್ಟು ನಾಲ್ಕು; ಸಿಡಿ ಡ್ರೈವೂ ಅದರಲ್ಲೇ ಒಂದು. ಹಿಂಬದಿಯ ಪುಟ್ಟ ಜಂಪರ್ ಸರಿಸಿ ಒಂದನ್ನು 'ಮಾಸ್ಟರ್', ಇನ್ನೊಂದನ್ನು 'ಸ್ಲೇವ್' ಮಾಡಬೇಕು. ಎರಡೂ ಮಾಸ್ಟರ್ ಆದರೆ ಕಂಪ್ಯೂಟರಿಗೆ ಗೊಂದಲ. ಹೆಸರು ಹಾಗಿದ್ದರೂ ಅಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ; ಕರೆಯುವ ಗುರುತು ಬೇರೆಯಾಗಲಿ ಎಂದಷ್ಟೇ. ಒಂದೇ ಕೇಬಲ್ಲು ಹಂಚಿಕೊಂಡಿರುವುದರಿಂದ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದಂತೆ.

2006ರಲ್ಲಿ 160 ಜಿಬಿಯ ಎರಡನೇ ಡಿಸ್ಕು ತಂದೆ. ಕಂಪ್ಯೂಟರ್ ಅದನ್ನು 137 ಜಿಬಿ ಎಂದೇ ಗುರುತಿಸಿತು. ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೊರಟಿದ್ದೆ. ಅಣ್ಣ ತಡೆದ. ಹಳೆಯ ಬೋರ್ಡು ಡಿಸ್ಕಿನ ಮನೆ ಸಂಖ್ಯೆಗಳನ್ನು 28 ಬಿಟ್ಟುಗಳಲ್ಲಿ ಬರೆಯುತ್ತಿತ್ತು. ಒಂದೊಂದು ಮನೆಗೆ 512 ಬೈಟಿನಂತೆ ಲೆಕ್ಕ ಹಾಕಿದರೆ 137 ಜಿಬಿಗೇ ಸಂಖ್ಯೆಗಳು ಮುಗಿದುಹೋಗುತ್ತವೆ. ಆಚೆಗೆ ಜಾಗವಿದ್ದರೂ ವಿಳಾಸವಿಲ್ಲ. ನಮ್ಮೂರಿನ ಸರ್ವೆ ನಂಬರುಗಳ ಪಾಡೂ ಇದೇ ಎಂದು ಅವನು ನಕ್ಕಿದ್ದ. ಬಯೋಸ್ ಹೊಸದು ಮಾಡಿ, ವಿಂಡೋಸ್ ಎಕ್ಸ್‌ಪಿಗೆ ಸರ್ವೀಸ್ ಪ್ಯಾಕ್ ಹಾಕಿದ ಮೇಲೆ ಉಳಿದ ಜಾಗ ಕಂಡಿತು.

ಮೂರನೆಯದನ್ನು ಕೊಳ್ಳುವ ಹೊತ್ತಿಗೆ ಸಾಟಾ ಕಾಲ. ತೆಳ್ಳನೆಯ ಕೇಬಲ್ಲು, ಜಂಪರಿನ ಗೋಜಿಲ್ಲ, ಒಂದೊಂದು ಡಿಸ್ಕಿಗೂ ಅದರದೇ ದಾರಿ. ನಮ್ಮ ಬೋರ್ಡಿನಲ್ಲಿ ಅದಿರಲಿಲ್ಲ. ಪಿಸಿಐ ಕಾರ್ಡು ಸಿಕ್ಕಿಸಿ, ವಿದ್ಯುತ್ತಿಗೆ ಒಂದು ಅಡಾಪ್ಟರ್ ಹಾಕಬೇಕಾಯಿತು. ಅದು 2011ರ ಕೊನೆ. ಥಾಯ್ಲೆಂಡಿನ ಪ್ರವಾಹದಲ್ಲಿ ಡಿಸ್ಕು ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಬೆಲೆ ಏರಿತ್ತು. ಅಲ್ಲಿಯ ಮಳೆಗೆ ಇಲ್ಲಿ ನನ್ನ ಜೇಬು ಒದ್ದೆಯಾಯಿತು.

ಇಷ್ಟು ಕೂಡಿಸಿದ ಮೇಲೆ ಎಲ್ಲ ಭದ್ರ ಎಂದುಕೊಂಡಿದ್ದೆ. ಅಣ್ಣ ಹೋದ ಮೇಲೆ ಒಂದು ರಾತ್ರಿ ಮೊದಲ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು. ಎದೆ ಧಸಕ್ಕೆಂದಿತು. ಮೂರು ಡಿಸ್ಕುಗಳಿದ್ದರೂ ಅವನ ಬರಹ ಇದ್ದದ್ದು ಒಂದರಲ್ಲಿ ಮಾತ್ರ. ಮೂರಕ್ಕೂ ವಿದ್ಯುತ್ತು ಕೊಡುವ ಪೆಟ್ಟಿಗೆಯೂ ಒಂದೇ. ಜಾಗ ಹೆಚ್ಚಿಸುವುದೇ ಬೇರೆ, ಉಳಿಸುವುದೇ ಬೇರೆ. ಓಲೆಗರಿಯ ಕಾಲದವರಿಗೆ ಇದು ಗೊತ್ತಿತ್ತು. ಹಳಗನ್ನಡದ ಕಾವ್ಯಗಳು ನಮ್ಮವರೆಗೆ ಬಂದದ್ದು ಗರಿ ಗಟ್ಟಿಯಿತ್ತೆಂದಲ್ಲ, ಹುಳ ಹಿಡಿಯುವ ಮೊದಲು ಯಾರೋ ಕೂತು ಇನ್ನೊಂದು ಪ್ರತಿ ಮಾಡಿದರೆಂದು.

ಬೇರೇನೂ ಮುಟ್ಟದೆ ಮೊದಲು ಅವನ ಕಡತಗಳನ್ನು ಮೂರನೇ ಡಿಸ್ಕಿಗೆ ನಕಲು ಮಾಡಿದೆ. ಅಲ್ಲಿಂದ ಮಗಳ ಲ್ಯಾಪ್‌ಟಾಪಿಗೆ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳ ರಾಶಿ. ಅವನು ಬರೆದದ್ದು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ. ಆ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟು ಇಲ್ಲದಿದ್ದರೆ ಓದು ಇಲ್ಲ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುತ್ತಾ ಹೋದೆ. ನಾಲ್ಕನೇ ಪುಟದಲ್ಲಿ ನಮ್ಮಜ್ಜಿಯ ರಾಗಿ ಹೊಲದ ಮೇರೆ ಸಿಕ್ಕಿತು. ಈಗ ಅಲ್ಲಿ ಬಸ್ಸು ತಿರುಗಿಸುತ್ತಾರೆ.

ಪ್ರತಿಗಳು ಈಗ ಮೂರು ಮನೆಗಳಲ್ಲಿವೆ. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಹೋದರೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಇದೆ. 2005ರಿಂದ ಇ-ತ್ಯಾಜ್ಯ ಬಿಡಿಸಿ ಲೋಹ ತೆಗೆಯುವ ಘಟಕ. ಪೆಟ್ಟಿಗೆಯನ್ನು ಅಂಥ ಕಡೆಗೇ ಕಳಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ. ಮೊದಲ ಡಿಸ್ಕನ್ನು ಮಾತ್ರ ಸ್ಕ್ರೂ ಬಿಚ್ಚಿ ತೆಗೆದು ಬೀರುವಿನಲ್ಲಿಟ್ಟೆ. ಅದರ ಜಂಪರ್ ಮೇಲೆ ಅಣ್ಣ ಕೆಂಪು ಪೆನ್ನಿನಲ್ಲಿ ಹಾಕಿದ ಚುಕ್ಕಿ ಇನ್ನೂ ಇದೆ.