ಗಾಳಿಯಲ್ಲಿ ಹೋಗುವ ಮಾತಿಗೆ ಬೀಗ

ಗೋಡೆಗೂ ಕಿವಿಯಿದೆ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ನಿಸ್ತಂತು ಸಂಪರ್ಕಕ್ಕೆ ಗೋಡೆಯೇ ಇಲ್ಲ. ತಂತಿಯಲ್ಲಿ ಹೋಗುವ ಸಂದೇಶವನ್ನು ಕದಿಯಬೇಕಾದರೆ ಆ ತಂತಿಯನ್ನು ಹುಡುಕಿಕೊಂಡು ಹೋಗಬೇಕು. ರೇಡಿಯೋ ಅಲೆಯಾದರೋ ಮಿತ್ರ, ಶತ್ರು ಎಂಬ ಭೇದವಿಲ್ಲದೆ ಎಲ್ಲರಿಗೂ ತಲುಪುತ್ತದೆ. ಹಾಗಾದರೆ ಅದನ್ನು ಕಾಯುವುದು ಹೇಗೆ? ಚರಿತ್ರೆಯ ಮೂರು ಘಟನೆಗಳನ್ನು ನೋಡೋಣ.

1903ರ ಜೂನ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾರ್ಕೋನಿಯವರ ನಿಸ್ತಂತು ಯಂತ್ರದ ಪ್ರದರ್ಶನ ಏರ್ಪಟ್ಟಿತ್ತು. ತಮ್ಮ ವ್ಯವಸ್ಥೆಯಲ್ಲಿ ಬೇರೆಯವರು ಕೈಹಾಕಲಾರರು ಎಂಬುದು ಮಾರ್ಕೋನಿಯವರ ಭರವಸೆಯಾಗಿತ್ತು. ಆದರೆ ಪ್ರೊಫೆಸರ್ ಫ್ಲೆಮಿಂಗ್ ಅವರ ಉಪನ್ಯಾಸದ ಸಭೆಯಲ್ಲಿಯೇ ಯಂತ್ರವು ಅಣಕದ ಮಾತುಗಳನ್ನು ಮುದ್ರಿಸತೊಡಗಿತು! ಅವನ್ನು ಕಳುಹಿಸಿದವರು ನೆವಿಲ್ ಮ್ಯಾಸ್ಕೆಲಿನ್ ಎಂಬ ಜಾದೂಗಾರರು. ಪರೀಕ್ಷಿಸದ ಭರವಸೆ ಭದ್ರತೆಯಲ್ಲ ಎಂದು ಅಂದು ಲೋಕಕ್ಕೆ ತಿಳಿಯಿತು.

ಅಂದು ಹೋದದ್ದು ಮಾನ ಮಾತ್ರ. 1914ರ ಆಗಸ್ಟ್‌ನಲ್ಲಿ ಹೋದದ್ದು ಜೀವಗಳು. ಪೂರ್ವ ಪ್ರಷ್ಯಾಕ್ಕೆ ನುಗ್ಗಿದ ರಷ್ಯಾದ ಎರಡು ಸೈನ್ಯಗಳ ಬಳಿ ಸಾಕಷ್ಟು ಸಂಕೇತ ಪುಸ್ತಕಗಳಾಗಲೀ ತರಬೇತಾದ ಸಿಬ್ಬಂದಿಯಾಗಲೀ ಇರಲಿಲ್ಲ. ಹಲವು ಆದೇಶಗಳು ಗುಪ್ತಲಿಪಿಯಿಲ್ಲದೆ ಹೋದವು. ಜರ್ಮನ್ನರು ಕಿವಿಗೊಟ್ಟು ಕೇಳಿದರು. ರೆನೆನ್‌ಕಾಂಪ್ಫ್ ಸೈನ್ಯ ಬೇಗ ನೆರವಿಗೆ ಬಾರದೆಂದು ಅವರಿಗೆ ಖಚಿತವಾಯಿತು. ತಮ್ಮ ಬಲವನ್ನೆಲ್ಲ ಸ್ಯಾಮ್ಸನೋವ್ ಸೈನ್ಯದ ಮೇಲೆ ತಿರುಗಿಸಿದರು. ಟ್ಯಾನೆನ್‌ಬರ್ಗ್ ಕದನದಲ್ಲಿ ಸುಮಾರು 92,000 ರಷ್ಯನ್ನರು ಸೆರೆಯಾದರು. ಈ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಬಯಲಾದ ಮಾತು ಶತ್ರುವಿನ ಕೈಗೆ ದೀಪ ಕೊಟ್ಟಿತು.

ಇನ್ನು ವ್ಯಾಪಾರದ ಮಾತು. 1997ರಲ್ಲಿ ಬಂದ ನಿಸ್ತಂತು ಜಾಲದ ಮಾನದಂಡದಲ್ಲಿ ವೆಪ್ ಎಂಬ ಬೀಗವಿತ್ತು. ಅದು ದುರ್ಬಲವೆಂದು 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ತೋರಿಸಿದರು. 2003ರಲ್ಲಿ ಡಬ್ಲ್ಯೂಪಿಎ ಎಂಬ ಉತ್ತಮ ಬೀಗ ಬಂದಿತು. ಆದರೂ ಅಮೆರಿಕದ ಟಿಜೆಎಕ್ಸ್ ಕಂಪನಿಯ ಅಂಗಡಿಗಳಲ್ಲಿ ಅದನ್ನು ಅಳವಡಿಸುವ ಕೆಲಸ ನಿಧಾನವಾಗಿ ಸಾಗಿತ್ತು. 2005ರಲ್ಲಿ ಕಳ್ಳರು ಅಂಗಡಿಯ ನಿಸ್ತಂತು ಜಾಲದಿಂದ ಒಳಹೊಕ್ಕರು. 2007ರಲ್ಲಿ ಸಂಗತಿ ಬಯಲಾದಾಗ ಕನಿಷ್ಠ 4.5 ಕೋಟಿ ಕಾರ್ಡುಗಳ ವಿವರ ಕಳುವಾಗಿತ್ತು.

ಗಮನಿಸಿದಿರಾ? 1914ರಲ್ಲಿ ಸಂಕೇತ ಲಿಪಿ ಇತ್ತು, ಎಲ್ಲರ ಕೈಗೆ ತಲುಪಿರಲಿಲ್ಲ. 2005ರಲ್ಲಿ ಹೊಸ ಬೀಗ ಇತ್ತು, ಹಾಕಿರಲಿಲ್ಲ. 2018ರಲ್ಲಿ ಡಬ್ಲ್ಯೂಪಿಎ-3 ಬಂದಿದೆ. ಆದರೆ ಪಾಸ್‌ವರ್ಡ್ ಬದಲಿಸದವನ ಮನೆಯಲ್ಲಿ ಅದೂ ನಿರುಪಯೋಗಿ. ನಾಳೆ ನಿಮ್ಮಲ್ಲಿ ಕೆಲವರು ಸೈನ್ಯಕ್ಕೆ, ಬ್ಯಾಂಕಿಗೆ, ಕಂಪನಿಗೆ ಸೇರುವಿರಿ. ಬೀಗ ತಯಾರಿಸುವವರು ಕೆಲವರೇ, ಹಾಕಬೇಕಾದವರು ನಾವೆಲ್ಲರೂ.